ಪಟ್ಟಿಯಲ್ಲಿ ‘ಚಿಪೆಂಡೇಲ್’ ಎಂದಿದೆ, ನಂಬಬಹುದೇ? ಮೊದಲು ಡ್ರಾಯರ್ ಮಗುಚಿ ನೋಡಿ

ಪ್ರಶ್ನೆ: ನಾವು ಧಾರವಾಡದವರು, ಕೆಲಸದ ನಿಮಿತ್ತ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಇಲ್ಲಿನ ಒಂದು ಹರಾಜಿನ ಪಟ್ಟಿಯಲ್ಲಿ ಹಳೆಯ ಚೆಸ್ಟ್ ಆಫ್ ಡ್ರಾಯರ್ಸ್ (ಬಟ್ಟೆ ಇಡುವ ಡ್ರಾಯರ್‌ಗಳ ಪೆಟ್ಟಿಗೆ) ಬಂದಿದೆ. ‘ಮೂರನೇ ಜಾರ್ಜ್ ಕಾಲದ ಮಹಾಗನಿ, ಸುಮಾರು 1770, ಚಿಪೆಂಡೇಲ್ ಮಾದರಿ’ ಎಂದು ಬರೆದಿದ್ದಾರೆ. ಮೇಲೆ ಎರಡು ಗಿಡ್ಡ ಡ್ರಾಯರ್, ಕೆಳಗೆ ಮೂರು ಉದ್ದ ಡ್ರಾಯರ್. ಅಂದಾಜು ಬೆಲೆ 300ರಿಂದ 500 ಪೌಂಡ್. ಅದೇ ಹರಾಜಿಗೆ ಮೂರು ಕಾಲಿನ ಒಂದು ದುಂಡು ಮೇಜೂ ಬಂದಿದೆ. ಇವು ನಿಜವಾಗಿ ಅಷ್ಟು ಹಳೆಯವೇ? ಚಿಪೆಂಡೇಲ್‌ಗೂ ಇವಕ್ಕೂ ಸಂಬಂಧವಿದೆಯೇ? ಕೊಂಡರೆ ಹೊಸದಾಗಿ ಪಾಲಿಶ್ ಮಾಡಿಸಬಹುದೇ? ನಾಲ್ಕೈದು ವರ್ಷದ ಮೇಲೆ ಊರಿಗೆ ಒಯ್ಯುವ ಆಸೆಯೂ ಇದೆ.

ಉತ್ತರ: 18ನೇ ಶತಮಾನದ ಪೀಠೋಪಕರಣದ ಬಡಗಿ ಚಿಪೆಂಡೇಲ್‌ನ ಹೆಸರನ್ನು ಸದ್ಯಕ್ಕೆ ಬದಿಗಿಡಿ. ಮಾಡಿದವರು ಯಾರು ಎಂಬ ಪ್ರಶ್ನೆಗೆ ಈ ಬಗೆಯ ಸಾಮಾನಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಲ ಉತ್ತರ ಸಿಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಪೆಟ್ಟಿಗೆಯ ಮೇಲ್ಹಲಗೆ, ಡ್ರಾಯರ್, ಕಾಲು, ಬೆನ್ನು ಎಲ್ಲವೂ ಒಂದೇ ಕಾಲದಲ್ಲಿ, ಒಂದೇ ಕಡೆ ಕೂಡಿದವೇ? ಇದಕ್ಕೆ ಉತ್ತರ ಪೆಟ್ಟಿಗೆಯಲ್ಲೇ ಇರುತ್ತದೆ. ಅದೂ ಮುಂಭಾಗದಲ್ಲಲ್ಲ, ಯಾರೂ ನೋಡಬಾರದೆಂದು ಬಿಟ್ಟ ಜಾಗಗಳಲ್ಲಿ.

ಹಾಗಿದ್ದರೂ ಆ ಹೆಸರಿನ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಥಾಮಸ್ ಚಿಪೆಂಡೇಲ್ ನೀವಿರುವ ಕಡೆಯವನೇ. 1718ರಲ್ಲಿ ಲೀಡ್ಸ್ ಪಕ್ಕದ ಓಟ್ಲಿಯಲ್ಲಿ ಹುಟ್ಟಿ, ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನ್‌ನಲ್ಲಿ ಅಂಗಡಿ ಹಾಕಿದವನು, ತೀರಿಕೊಂಡಿದ್ದು 1779ರಲ್ಲಿ. 1754ರಲ್ಲಿ ಅವನು ಪೀಠೋಪಕರಣಗಳ ನಕ್ಷೆಗಳನ್ನು ಸೇರಿಸಿ ‘ಡೈರೆಕ್ಟರ್’ ಎಂಬ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. 1762ರ ಹೊತ್ತಿಗೆ ಅದರ ಮೂರನೇ ಮುದ್ರಣ ಬಂತು. ಶ್ರೀಮಂತರ ಜೊತೆಗೆ ಬೇರೆ ಊರಿನ ಬಡಗಿಗಳೂ ಅದನ್ನು ಕೊಂಡು, ನೋಡಿ ನೋಡಿ ಮಾಡಿದರು. ಹಾಗಾಗಿ ‘ಚಿಪೆಂಡೇಲ್’ ಎನ್ನುವುದು ವ್ಯಕ್ತಿಯ ಹೆಸರಿನಿಂದ ಒಂದು ಬಗೆಯ ಹೆಸರಾಗಿ ಬದಲಾಯಿತು. ಅವನು ತನ್ನ ಸಾಮಾನಿನ ಮೇಲೆ ಮುದ್ರೆ ಒತ್ತುವ, ಚೀಟಿ ಅಂಟಿಸುವ ರೂಢಿ ಇಟ್ಟುಕೊಂಡಿರಲಿಲ್ಲ. ಅವನದೇ ಎಂದು ಖಚಿತವಾಗಿ ಹೇಳಬಹುದಾದ ವಸ್ತುಗಳೆಲ್ಲ ಹೆಚ್ಚಾಗಿ ಖರೀದಿಯ ಬಿಲ್ಲುಗಳ ಬಲದಿಂದ ಗುರುತಾದವು. ವೇಕ್‌ಫೀಲ್ಡ್ ಹತ್ತಿರದ ನಾಸ್ಟೆಲ್ ಬಂಗಲೆಯ ಮಹಾಗನಿ ಬರೆಯುವ ಮೇಜು ಅಂಥದ್ದು. 1767ರ ಬಿಲ್ಲಿನಲ್ಲಿ ಅದರ ಬೆಲೆ 72 ಪೌಂಡ್ 10 ಶಿಲಿಂಗ್. ಲೀಡ್ಸ್‌ನಿಂದ ಅಲ್ಲಿಗೂ, ಹೇರ್‌ವುಡ್ ಬಂಗಲೆಗೂ, ಊರಲ್ಲೇ ಇರುವ ಟೆಂಪಲ್ ನ್ಯೂಸಮ್ ಬಂಗಲೆಗೂ ಒಂದೊಂದು ದಿನ ಹೋಗಿ ಬನ್ನಿ. ಒಳ್ಳೆಯದನ್ನು ಹತ್ತಿರದಿಂದ ನೋಡಿದ ಕಣ್ಣಿಗೆ ಸಾಧಾರಣದ್ದು ತಾನಾಗಿ ಗೊತ್ತಾಗುತ್ತದೆ.

ಒಂದು ಸಣ್ಣ ವಿಷಯ ನೆನಪಿಟ್ಟುಕೊಳ್ಳಿ. ಹಕ್ಕಿಯ ಉಗುರು ಉಂಡೆಯನ್ನು ಹಿಡಿದಂತೆ ಕೆತ್ತಿದ ಕಾಲು ಕಂಡರೆ ಸಾಕು, ಮಾರುವವರು ಚಿಪೆಂಡೇಲ್ ಎಂದುಬಿಡುತ್ತಾರೆ. ಅವನ ‘ಡೈರೆಕ್ಟರ್’ನಲ್ಲಿ ಆ ಕಾಲಿನ ಚಿತ್ರ ಒಂದೂ ಇಲ್ಲ. ಆ ಕಾಲದ ಪೀಠೋಪಕರಣಗಳ ಉಳಿದ ಎರಡು ದೊಡ್ಡ ಹೆಸರುಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಜಾರ್ಜ್ ಹೆಪಲ್‌ವೈಟ್ ಸತ್ತದ್ದು 1786ರಲ್ಲಿ, ಅವನ ಹೆಂಡತಿ ಆಲಿಸ್ ನಕ್ಷೆಗಳ ಪುಸ್ತಕ ಹೊರತಂದದ್ದು 1788ರಲ್ಲಿ; ಅವನೇ ಮಾಡಿದ್ದೆಂದು ರುಜುವಾತಾದ ಒಂದು ಕುರ್ಚಿಯೂ ಇಲ್ಲ. ಥಾಮಸ್ ಶೆರಟನ್ ಮುಖ್ಯವಾಗಿ ನಕ್ಷೆ ಬರೆದವನು. ಹೆಸರೇ ಬೇಕೆಂದರೆ ಲ್ಯಾಂಕಾಸ್ಟರ್‌ನ ಗಿಲ್ಲೋಸ್ ಅಂಗಡಿಯನ್ನು ಹುಡುಕಿ. ಅವರು 18ನೇ ಶತಮಾನದ ಕೊನೆಯಿಂದ ಕೆಲವು ಸಾಮಾನಿನ ಮೇಲೆ ‘ಗಿಲ್ಲೋಸ್ ಲ್ಯಾಂಕಾಸ್ಟರ್’ ಎಂಬ ಅಚ್ಚು ಒತ್ತುತ್ತಿದ್ದರು. ಅದು ಸಾಮಾನ್ಯವಾಗಿ ಇರುವುದು ಡ್ರಾಯರಿನ ಮೇಲಂಚಿನಲ್ಲಿ, ಡ್ರಾಯರ್ ಎಳೆದ ಮೇಲೆ ಮಾತ್ರ ಕಾಣುವಂತೆ. ಅವರ ಅಂದಾಜು-ಚಿತ್ರಗಳ ಪುಸ್ತಕಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ದಾಖಲೆ ಕೇಂದ್ರದಲ್ಲಿ ಉಳಿದಿವೆ, ತಾಳೆ ನೋಡಲು ಬರುತ್ತದೆ.

ಪಟ್ಟಿಯ ಭಾಷೆಗೂ ಒಂದು ಲೆಕ್ಕವಿದೆ. ಬರಿದೆ ‘ಜಾರ್ಜ್ ದ ಥರ್ಡ್’ ಎಂದಿದ್ದರೆ ಆ ರಾಜನ ಕಾಲದಲ್ಲಿ, ಅಂದರೆ 1760ರಿಂದ 1820ರ ನಡುವೆ, ಮಾಡಿದ್ದೆಂದು ಹರಾಜಿನವರ ಅಭಿಪ್ರಾಯ. ಮುಂದೆ ‘ಸ್ಟೈಲ್’ ಸೇರಿದರೆ ಆ ಮಾದರಿಯಲ್ಲಿ ಆಮೇಲೆ ಮಾಡಿದ್ದು. ‘ಅಂಡ್ ಲೇಟರ್’ ಎಂದಿದ್ದರೆ ಯಾವುದೋ ಭಾಗ ನಂತರ ಸೇರಿದೆ. ನಿಮ್ಮ ಪಟ್ಟಿಯಲ್ಲಿ ಕಾಲವೂ ಇದೆ, ‘ಮಾದರಿ’ ಎಂಬ ಮಾತೂ ಇದೆ, ಹಾಗಾಗಿ ಅರ್ಥ ಸ್ಪಷ್ಟವಿಲ್ಲ. ಹರಾಜಿನವರಿಗೆ ಇಮೇಲ್ ಬರೆದು ‘ಕಂಡೀಷನ್ ರಿಪೋರ್ಟ್’, ಅಂದರೆ ಸಾಮಾನಿನ ಸ್ಥಿತಿಯ ವರದಿ, ಕೇಳಿ. ಕಾಲು, ಹಿಡಿ, ಮೇಲ್ಹಲಗೆ ಮೂಲದವೇ ಎಂದು ಬಿಡಿಬಿಡಿಯಾಗಿ ಕೇಳಿ. ಬರಹದಲ್ಲಿ ಉತ್ತರ ಕೊಡುವಾಗ ಅವರೂ ಎಚ್ಚರದಿಂದ ಕೊಡುತ್ತಾರೆ.

ಮರದ ಬಗ್ಗೆ ಸ್ವಲ್ಪ. ಇಂಗ್ಲೆಂಡಿಗೆ ಮಹಾಗನಿ ದೊಡ್ಡ ಪ್ರಮಾಣದಲ್ಲಿ ಬರತೊಡಗಿದ್ದು 1721ರ ಕಾಯ್ದೆ ಅಮೆರಿಕ, ವೆಸ್ಟ್ ಇಂಡೀಸ್ ವಸಾಹತುಗಳ ಮರದ ಮೇಲಿನ ಸುಂಕ ತೆಗೆದ ಮೇಲೆ. ಮೊದಮೊದಲು ಬಂದದ್ದು ಜಮೈಕಾದ ಗಟ್ಟಿ, ತೂಕದ, ಕಡುಬಣ್ಣದ ಮರ. ಮಧ್ಯಶತಮಾನದ ನಂತರ ಜ್ವಾಲೆಯಂಥ ವಿನ್ಯಾಸದ ಕ್ಯೂಬಾ ಮರ ಹೆಚ್ಚಾಯಿತು. 1763ರ ಪ್ಯಾರಿಸ್ ಒಪ್ಪಂದದ ಮೇಲೆ ಹೊಂಡುರಾಸ್ ಕೊಲ್ಲಿಯ ಹಗುರ, ಅಗ್ಗದ ಮರ ಬರತೊಡಗಿತು. ಎರಡು ಮೂರು ಅಡಿ ಅಗಲದ ಒಂಟಿ ಹಲಗೆ, ಸೊಟ್ಟಗಾಗದ ಗುಣ, ಉಳಿಗೆ ಗರಿಗರಿಯಾಗಿ ಬಗ್ಗುವ ಎಳೆ: ಬಡಗಿಗೆ ಇದಕ್ಕಿಂತ ಇನ್ನೇನು ಬೇಕು? ಆ ಮರವನ್ನು ಕಾಡಿನಲ್ಲಿ ಕಡಿದು ಎಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಹೇರ್‌ವುಡ್ ಕಟ್ಟಿಸಿದ ಲ್ಯಾಸೆಲ್ಸ್ ಕುಟುಂಬದ ಸಂಪತ್ತೂ ಕೆರಿಬಿಯನ್ ಸಕ್ಕರೆ ಮತ್ತು ಗುಲಾಮರ ವ್ಯಾಪಾರದಿಂದ ಬಂದದ್ದು. ಈ ಸಾಮಾನಿನ ಚೆಲುವನ್ನು ಮೆಚ್ಚುವಾಗ ಆ ಬೆವರು ಯಾರದೆಂದು ಮರೆಯಬಾರದು.

ಕಾಲ ಹೇಳಲು ಮರದ ಜಾತಿಯನ್ನೇ ನೆಚ್ಚಿಕೊಳ್ಳಬೇಡಿ. ಕ್ಯೂಬಾದ್ದೋ ಹೊಂಡುರಾಸ್‌ದೋ ಎಂದು ಸೂಕ್ಷ್ಮದರ್ಶಕವಿಟ್ಟರೂ ಖಚಿತವಾಗಿ ಬೇರ್ಪಡಿಸುವುದು ಕಷ್ಟ. ಆದರೆ ನೇರ ಪಟ್ಟೆಪಟ್ಟೆಯಾಗಿ ರಿಬ್ಬನ್ನಿನಂತೆ ಹೊಳೆಯುವ ಆಫ್ರಿಕದ ಸಪೇಲೆ ಅಥವಾ ಖಾಯಾ ಮರ ಕಂಡರೆ ಅದು 1770ರದ್ದಲ್ಲ. ಆ ಮರಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದದ್ದು 19ನೇ ಶತಮಾನದ ಕೊನೆಗೆ.

ಈಗ ಹರಾಜಿನ ಹಿಂದಿನ ದಿನದ ವೀಕ್ಷಣೆಗೆ ಹೋಗಿ. ಟಾರ್ಚ್, ಅಳತೆ ಟೇಪ್, ಒಂದು ಸಣ್ಣ ಅಯಸ್ಕಾಂತ ಇರಲಿ. ಅಲ್ಲಿದ್ದವರ ಅನುಮತಿ ಕೇಳಿ ಐದೂ ಡ್ರಾಯರ್‌ಗಳನ್ನು ಹೊರಗೆಳೆದು ಸಾಲಾಗಿ ನೆಲದ ಮೇಲಿಡಿ. ಸಂಕೋಚ ಬೇಡ, ತಿಳಿದವರು ಮಾಡುವುದೇ ಹೀಗೆ.

ಒಂದು ಡ್ರಾಯರನ್ನು ಪಕ್ಕದಿಂದ ನೋಡಿ. ಮುಂಭಾಗದ ಹಲಗೆಗೂ ಪಕ್ಕದ ಹಲಗೆಗೂ ಡವ್‌ಟೇಲ್ ಜೋಡಣೆ ಇರುತ್ತದೆ, ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳು ಒಂದರೊಳಗೊಂದು ಕೂತಿರುವುದು. ಕೈಯಲ್ಲಿ ಕೊಯ್ದಿದ್ದರೆ ಹಲ್ಲುಗಳ ಅಗಲ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಎರಡು ಹಲ್ಲುಗಳ ನಡುವಿನ ಗೂಟದ ತುದಿ ಕೆಲವೊಮ್ಮೆ ಗರಗಸದ ಅಲಗಿನಷ್ಟೇ ಸಣ್ಣಗಿರುತ್ತದೆ. ಹಲ್ಲುಗಳ ಬುಡದಲ್ಲಿ ಬಡಗಿ ಮೊದಲು ಗೀರಿಕೊಂಡ ಸಣ್ಣ ಗೆರೆ ಇನ್ನೂ ಕಾಣಬೇಕು. ಒಳಗೆ, ಮುಂದಿನ ಹಲಗೆಯ ಬೆನ್ನಿನಲ್ಲಿ, ಗರಗಸ ಗೆರೆ ದಾಟಿ ಸ್ವಲ್ಪ ಮುಂದೆ ಹೋದ ಕೊಯ್ತ ಕಂಡರೆ ಖುಷಿಪಡಿ, ಅದು ಅವಸರದಲ್ಲಿದ್ದ ಮನುಷ್ಯನ ಕೈಯ ಗುರುತು. ಎಲ್ಲ ಹಲ್ಲೂ ಎಲ್ಲ ಗೂಟವೂ ಒಂದೇ ಅಗಲ, ಒಂದೇ ಅಂತರ ಇದ್ದರೆ ಯಂತ್ರದ ಕೆಲಸ, 19ನೇ ಶತಮಾನದ ಕೊನೆ ಅಥವಾ ಈಚಿನದು. ಇನ್ನೂ ಮುಖ್ಯವಾದದ್ದು, ಐದೂ ಡ್ರಾಯರ್‌ಗಳ ಹಲ್ಲು ಒಂದೇ ಕೈಯಿಂದ ಬಂದಂತೆ ಕಾಣಬೇಕು. ಒಂದರಲ್ಲಿ ಐದು ಸಣ್ಣ ಹಲ್ಲು, ಅದೇ ಎತ್ತರದ ಇನ್ನೊಂದರಲ್ಲಿ ಮೂರು ದಪ್ಪ ಹಲ್ಲು ಎಂದರೆ ಬೇರೆ ಪೆಟ್ಟಿಗೆಯಿಂದ ತಂದು ಸೇರಿಸಿದ್ದಾರೆ.

ಈಗ ಡ್ರಾಯರನ್ನು ಬೋರಲು ಹಾಕಿ. ತಳದ ಹಲಗೆಯ ಎಳೆ ಯಾವ ಕಡೆ ಓಡುತ್ತದೆ? 18ನೇ ಶತಮಾನದ ಮೊದಲ ಭಾಗದಲ್ಲಿ ಮುಂದಿನಿಂದ ಹಿಂದಕ್ಕೆ. 1740ರ ಆಸುಪಾಸಿನ ನಂತರ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ. 1770ರ ಪೆಟ್ಟಿಗೆಯಲ್ಲಿ ಎರಡನೆಯದು ಇರಬೇಕು. ಮರ ಒಣಗಿ ಕುಗ್ಗುವುದು ಎಳೆಗೆ ಅಡ್ಡಲಾಗಿ. ಹಾಗಾಗಿ ತಳದ ಹಲಗೆ ಇನ್ನೂರೈವತ್ತು ವರ್ಷದಲ್ಲಿ ಕೆಲವು ಮಿಲಿಮೀಟರ್ ಕುಗ್ಗಿ, ಮುಂದಿನ ಹಲಗೆಯಲ್ಲಿ ಕೊರೆದ ತೋಡಿನಿಂದ ಸ್ವಲ್ಪ ಹಿಂದೆ ಸರಿದಿರುತ್ತದೆ, ಅಥವಾ ನಡುವೆ ಸೀಳಿರುತ್ತದೆ. ಆ ಸಂದಿನಲ್ಲಿ ತಲೆಮಾರುಗಳ ಧೂಳು ಕಪ್ಪಾಗಿ ಕೂತಿರುತ್ತದೆ. ಇದು ದೋಷವಲ್ಲ, ಸಾಕ್ಷಿ. ಲಂಡನ್ನಿನ ಒಳ್ಳೆಯ ಕೆಲಸದಲ್ಲಿ ಡ್ರಾಯರ್ ಪಕ್ಕಗಳು 6ರಿಂದ 8 ಮಿ.ಮೀ. ದಪ್ಪದ ಓಕ್, ಹಳ್ಳಿಗಾಡಿನ ಕೆಲಸದಲ್ಲಿ ದಪ್ಪ ಪೈನ್. ಪೈನ್ ಇದ್ದ ಮಾತ್ರಕ್ಕೆ ಖೋಟಾ ಅಲ್ಲ. ಆದರೆ ಒಳಭಾಗಕ್ಕೆಲ್ಲ ಕಂದು ಬಣ್ಣ ಬಳಿದಿದ್ದರೆ ಅನುಮಾನಪಡಿ. ಆ ಕಾಲದವರು ಡ್ರಾಯರಿನ ಒಳಗೆ ಬಣ್ಣ ಬಳಿಯುತ್ತಿರಲಿಲ್ಲ, ಪಾಲಿಶ್ ಹಾಕುತ್ತಿರಲಿಲ್ಲ. ಏನನ್ನೋ ಮುಚ್ಚಬೇಕಾದವರು ಬಳಿಯುತ್ತಾರೆ.

ಸವೆತವನ್ನು ಜೋಡಿಯಾಗಿ ನೋಡಬೇಕು. ಡ್ರಾಯರಿನ ಪಕ್ಕದ ಹಲಗೆಯ ಕೆಳಂಚು ಎಷ್ಟೋ ಸಾವಿರ ಸಲ ಉಜ್ಜಿ ಹಿಂಭಾಗದಲ್ಲಿ ಹೆಚ್ಚು ಸವೆದಿರುತ್ತದೆ. ಅದು ಓಡಾಡಿದ ಒಳಗಿನ ಪಟ್ಟಿಯಲ್ಲೂ ಅದಕ್ಕೆ ಸರಿಯಾಗಿ ಕಾಲುವೆ ಬಿದ್ದಿರಬೇಕು. ಒಂದು ಸವೆದು ಇನ್ನೊಂದು ಚೂಪಾಗಿದ್ದರೆ ಪಟ್ಟಿ ಬದಲಾಗಿದೆ, ಇಲ್ಲವೇ ಡ್ರಾಯರ್ ಬೇರೆಯದು. ಪಟ್ಟಿ ಬದಲಾಗುವುದು ಮಾಮೂಲಿ ರಿಪೇರಿ, ಚಿಂತೆಯಿಲ್ಲ.

ಡ್ರಾಯರಿನ ಮುಂದಿನ ಹಲಗೆಯ ಬೆನ್ನಿನಲ್ಲಿ ಹಿಡಿಗಳ ತೂತುಗಳನ್ನು ಎಣಿಸಿ. ಮೂಲ ಹಿಡಿ ಉಳಿದಿದ್ದರೆ ಹಿಡಿಯೊಂದಕ್ಕೆ ಎರಡೇ ತೂತು. ಹೆಚ್ಚು ತೂತು, ಬಿರಡೆ ಹೊಡೆದ ಗುರುತು ಇದ್ದರೆ ಹಿಡಿ ಒಂದೆರಡು ಸಲ ಬದಲಾಗಿದೆ. ವಿಕ್ಟೋರಿಯಾ ರಾಣಿಯ ಕಾಲದವರಿಗೆ ದುಂಡು ಮರದ ಗುಬುಟಿನ ಹುಚ್ಚಿತ್ತು. ಅದಕ್ಕಾಗಿ ನಡುವೆ ಕೊರೆದ ದೊಡ್ಡ ತೂತು ಈಗಲೂ ಸಿಗುತ್ತದೆ. ಒಂದು ಮಾತು: ಬೆನ್ನಿನಲ್ಲಿ ತೂತು ಕಂಡು ಮುಂದೆ ಕಾಣದೆ ಹೋದರೆ, ಮುಂಭಾಗಕ್ಕೆ ನಂತರ ಹೊಸ ವಿನಿಯರ್, ಅಂದರೆ ತೆಳುವಾದ ಮರದ ಹಾಳೆ, ಅಂಟಿಸಿದ್ದಾರೆ. ಹಿತ್ತಾಳೆ ಹಿಡಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಹಿತ್ತಾಳೆ ನೀರು ಕುಡಿಸಿದ ಕಬ್ಬಿಣ. ಬೀಗದ ಮೇಲೆ ವಿ.ಆರ್. ಎಂಬ ಅಕ್ಷರಗಳಿದ್ದರೆ ಆ ಬೀಗ 1837ರ ನಂತರದ್ದು. ಆಗ ಬೀಗ ಕೂರಿಸಿದ ಗೂಡಿನ ಅಂಚು ನೋಡಿ. ಹಳೆಯ ಗೂಡನ್ನು ದೊಡ್ಡದು ಮಾಡಿದ್ದರೆ ಬೀಗವಷ್ಟೇ ಬದಲಾಗಿದೆ, ಗೂಡು ಅಚ್ಚುಕಟ್ಟಾಗಿ ಹೊಂದಿದ್ದರೆ ಪೆಟ್ಟಿಗೆಯೇ ಆ ಕಾಲದ್ದಿರಬಹುದು.

ಈಗ ಬೆನ್ನು. ಗೋಡೆಯಿಂದ ಈಚೆ ಎಳೆಸಿ ಟಾರ್ಚನ್ನು ಹಲಗೆಗೆ ಓರೆಯಾಗಿ ಹಿಡಿಯಿರಿ. ಕೈಗರಗಸದಲ್ಲಿ ಸೀಳಿದ ಹಲಗೆಯಲ್ಲಿ ನೆಟ್ಟಗಿನ, ಅಂತರ ಸ್ವಲ್ಪ ಏರುಪೇರಾದ ಗೀರುಗಳಿರುತ್ತವೆ. ಬಿಲ್ಲಿನಂತೆ ಬಾಗಿದ ಗೀರು ಕಂಡರೆ ಅದು ಚಕ್ರಗರಗಸ, 19ನೇ ಶತಮಾನದ್ದು. ಮೊಳೆಗಳೂ ಮಾತಾಡುತ್ತವೆ: ಕುಲುಮೆಯಲ್ಲಿ ಬಡಿದ ಮೊಳೆಯ ತಲೆ ಗುಲಾಬಿ ಎಸಳಿನಂತೆ ಒರಟು, ದುಂಡು ತಂತಿಮೊಳೆ 19ನೇ ಶತಮಾನದ ಕೊನೆಯದು. ಸ್ಕ್ರೂ ಒಂದನ್ನು ಬಿಚ್ಚಲು ಬಿಟ್ಟರೆ ತುದಿ ನೋಡಿ. ಮೊಂಡು ತುದಿ, ತಲೆಯ ನಡುವಿನಿಂದ ಸರಿದ ಸೀಳು, ಏರುಪೇರಾದ ಸುರುಳಿ ಇದ್ದರೆ ಹಳೆಯದು. ಚೂಪು ತುದಿಯ ಸ್ಕ್ರೂ ಬಂದದ್ದು 19ನೇ ಶತಮಾನದ ಮಧ್ಯದಲ್ಲಿ. ಒಂದು ಹೊಸ ಮೊಳೆ ಕಂಡ ಮಾತ್ರಕ್ಕೆ ತಿರಸ್ಕರಿಸಬೇಡಿ, ಇನ್ನೂರೈವತ್ತು ವರ್ಷದಲ್ಲಿ ಯಾರೋ ಒಮ್ಮೆ ಬಡಿದಿರುತ್ತಾರೆ. ಸುತ್ತ ಕಪ್ಪು ಕಲೆ ಹಬ್ಬಿಸಿದ ಹಳೆಯ ಮೊಳೆ ಎಷ್ಟಿವೆ ನೋಡಿ.

ಹುಳು ತಿಂದ ತೂತುಗಳ ವಿಷಯದಲ್ಲಿ ಒಂದು ಒಳ್ಳೆಯ ಪರೀಕ್ಷೆಯಿದೆ. ಮರ ಕೊರೆಯುವ ಹುಳು ಹೊರಬರುವಾಗ 1.5ರಿಂದ 2 ಮಿ.ಮೀ.ನ ದುಂಡು ತೂತು ಮಾಡುತ್ತದೆ. ಅದರ ಸುರಂಗ ಮರದ ಒಳಗೇ ಇರುತ್ತದೆ. ಹಲಗೆಯ ಮೈಮೇಲೆ ಅರ್ಧ ಕತ್ತರಿಸಿದ ಕೊಳವೆಯಂತೆ ಉದ್ದ ಸುರಂಗ ತೆರೆದುಕೊಂಡಿದ್ದರೆ, ಹುಳು ತಿಂದ ಮೇಲೆ ಆ ಹಲಗೆಯನ್ನು ಕೊಯ್ದಿದ್ದಾರೆ. ಹಳೆಯ ಮರದಿಂದ ಹೊಸ ಸಾಮಾನು ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ರುಜುವಾತು ಬೇಡ. ಮಹಾಗನಿಯ ಚೇಗು ಈ ಹುಳುವಿಗೆ ರುಚಿಸದು. ಪೈನ್, ಬೀಚ್ ಭಾಗಗಳಲ್ಲಿ ಹುಡುಕಿ. ತೂತಿನ ಕೆಳಗೆ ಕೆನೆಬಣ್ಣದ ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಬದುಕಿದೆ.

ಮೇಲ್ಹಲಗೆ ಮತ್ತು ಕಾಲುಗಳಲ್ಲಿ ಮೋಸ ಹೆಚ್ಚು. ಆ ಕಾಲದಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟ ಆಳೆತ್ತರದ ‘ಚೆಸ್ಟ್ ಆನ್ ಚೆಸ್ಟ್’ ಮಾಡುತ್ತಿದ್ದರು. ಈಗಿನ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ; ಹಾಗಾಗಿ ಬೇರ್ಪಡಿಸಿ, ಮೇಲಿನದಕ್ಕೆ ಹೊಸ ಕಾಲು, ಕೆಳಗಿನದಕ್ಕೆ ಹೊಸ ಮೇಲ್ಹಲಗೆ ಕೊಟ್ಟು ಎರಡು ಮಾಡಿ ಮಾರಿದ್ದುಂಟು. ಮೇಲ್ಹಲಗೆಯ ಅಂಚಿನ ಕೆಳಗೆ ಬೆರಳಾಡಿಸಿ. ಅಲ್ಲಿನ ಮರ ಒಣಗಿ ಕಂದಾಗಿ, ಮುಟ್ಟಿದರೆ ನುಣುಪೂ ಒರಟೂ ಅಲ್ಲದ ಒಂದು ಹದಕ್ಕೆ ಬಂದಿರಬೇಕು. ಬಣ್ಣ ಬಳಿದ ಹೊಸ ಮರ ಒಂದೇ ಸಮನೆ ಕಂದಾಗಿರುತ್ತದೆ. ಕಾಲ ಕಂದಾಗಿಸಿದ ಮರದಲ್ಲಿ ಗಾಳಿ ತಾಗಿದಲ್ಲಿ ಒಂದು ಛಾಯೆ, ಸಂದಿಯಲ್ಲಿ ಇನ್ನೊಂದು ಛಾಯೆ. ಕಾಲುಗಳು ಮೂಲದವೇ ಉಳಿದಿರುವುದು ಅಪರೂಪ. ಒದ್ದೆ ನೆಲ, ಎಳೆದಾಟ, ಹುಳು ಎಲ್ಲದರ ಪೆಟ್ಟು ಮೊದಲು ಬೀಳುವುದು ಅವಕ್ಕೇ. ಬದಲಾದ ಕಾಲು ಬೆಲೆಯನ್ನು ಇಳಿಸುತ್ತದೆ, ಕೊಳ್ಳಬಾರದೆಂದು ಹೇಳುವುದಿಲ್ಲ. ಬದಲಾದ ಮೇಲ್ಹಲಗೆಯಾದರೆ ನಾವು ಕೊಳ್ಳಲು ಹೇಳುವುದಿಲ್ಲ.

ಅಗಲವನ್ನೂ ಅಳೆಯಿರಿ. ಮಾಮೂಲಿ ಪೆಟ್ಟಿಗೆ 90ರಿಂದ 105 ಸೆಂ.ಮೀ. ಅಗಲ. 80 ಸೆಂ.ಮೀ.ಗಿಂತ ಚಿಕ್ಕದಕ್ಕೆ ಬೆಲೆ ಜಾಸ್ತಿ, ಹಾಗಾಗಿ ದೊಡ್ಡದನ್ನು ಕೊಯ್ದು ಚಿಕ್ಕದು ಮಾಡುತ್ತಾರೆ. ಕೀಲಿಕಣ್ಣು ನಟ್ಟನಡುವೆ ಇಲ್ಲದಿದ್ದರೆ, ಒಂದು ಪಕ್ಕದ ಡವ್‌ಟೇಲ್ ಮಾತ್ರ ಹೊಸದಾಗಿದ್ದರೆ ಅದೇ ಕಾರಣ.

ದುಂಡು ಮೇಜಿಗೆ ಟೇಪ್ ಒಂದೇ ಸಾಕು. ಮೇಲ್ಹಲಗೆಯನ್ನು ಎಳೆಯ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಿರಿ. 75 ಸೆಂ.ಮೀ. ಮೇಜು ಅಡ್ಡಕ್ಕೆ ಕೆಲವು ಮಿ.ಮೀ. ಕಡಿಮೆ ಬರಬೇಕು, ಏಕೆಂದರೆ ಮರ ಕುಗ್ಗಿದೆ. ಎರಡೂ ಕಡೆ ಒಂದೇ ಅಳತೆ ಬಂದರೆ ಅದು ಅಷ್ಟು ಹಳೆಯದಲ್ಲ, ಇಲ್ಲವೇ ಅಂಚನ್ನು ಮತ್ತೆ ಕೊಯ್ದಿದ್ದಾರೆ. ಹಲಗೆಯನ್ನು ಮಡಚಿ ನಿಲ್ಲಿಸಿ ಅಡಿ ನೋಡಿ: ಕಂಬದ ತಲೆಯ ಮೇಲಿನ ಚೌಕ ಮರದ ತುಂಡು ಕೂತಿದ್ದ ಜಾಗದಲ್ಲಿ ಅದೇ ಅಳತೆಯ ನೆರಳಿನಂಥ ಗುರುತು ಇರಬೇಕು. ಗುರುತು ದೊಡ್ಡದು, ತುಂಡು ಚಿಕ್ಕದು ಎಂದಾದರೆ ತಲೆ ಒಬ್ಬರದು, ಕಾಲು ಇನ್ನೊಬ್ಬರದು. ಮೂರು ಕಾಲು ಕಂಬಕ್ಕೆ ಸೇರುವಲ್ಲಿ ಬಿರುಕು ಸಾಮಾನ್ಯ. ಅಡಿಯಲ್ಲಿ ಮೂರು ಕವಲಿನ ಕಬ್ಬಿಣದ ಪಟ್ಟಿ ಬಡಿದಿರುತ್ತಾರೆ. ಅದು ಒಳ್ಳೆಯ ರಕ್ಷಣೆಯೇ, ತೆಗೆಸಬೇಡಿ.

ಸವಾಲು ಕೂಗುವ ಮುನ್ನ ಲೆಕ್ಕ ಹಾಕಿ. 400 ಪೌಂಡಿಗೆ ಸುತ್ತಿಗೆ ಬಿತ್ತು, ಹರಾಜಿನವರ ಶುಲ್ಕ ಶೇ. 25 ಎಂದುಕೊಳ್ಳಿ. ಅದಕ್ಕೆ 100 ಪೌಂಡ್, ಆ ಶುಲ್ಕದ ಮೇಲೆ ಶೇ. 20 ವ್ಯಾಟ್ 20 ಪೌಂಡ್, ಒಟ್ಟು 520. ಸಾಗಾಟ ಬೇರೆ. ಈ ಶತಮಾನದ ಮೊದಲಿನಿಂದಲೂ ಕಂದು ಮರದ ಸಾಮಾನಿನ ಬೆಲೆ ಬಹಳ ಇಳಿದಿದೆ. ಲಾಭಕ್ಕಾಗಿ ಕೊಳ್ಳುವವರಿಗೆ ಇದು ಕೆಟ್ಟ ಕಾಲ, ಬಟ್ಟೆ ಇಡಲು ಕೊಳ್ಳುವವರಿಗೆ ಇಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ.

ಪಾಲಿಶ್ ವಿಷಯದಲ್ಲಿ ಕೈಮುಗಿದು ಕೇಳುತ್ತೇವೆ: ಉಜ್ಜಿಸಬೇಡಿ. 1770ರ ಮಹಾಗನಿಗೆ ಅಗಸೆ ಎಣ್ಣೆ, ಇಟ್ಟಿಗೆ ಪುಡಿ, ಜೇನುಮೇಣ ಹಾಕಿ ತಿಕ್ಕುತ್ತಿದ್ದರು. ಫ್ರೆಂಚ್ ಪಾಲಿಶ್ ಬಂದದ್ದು 1820ರ ಆಸುಪಾಸಿನಲ್ಲಿ. ಅದು ನಮ್ಮ ದೇಶದ ಅರಗನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಪದರಪದರವಾಗಿ ಹಚ್ಚುವುದು. ನಿಮ್ಮ ಪೆಟ್ಟಿಗೆಯ ಮೇಲೆ ಇವೆರಡೂ ಕೂತಿರಬಹುದು. ಬಿಸಿಲಿಗೆ ಮಾಗಿದ ಆ ಜೇನುಬಣ್ಣ ಮರದ ಮೇಲ್ಮೈಯ ತೀರ ತೆಳು ಪದರದಲ್ಲಿದೆ. ಮರಳುಕಾಗದ ಹಾಕಿದ ಹತ್ತು ನಿಮಿಷಕ್ಕೆ ಅದು ಹೋಗಿ, ಕೆಳಗಿನ ಹಸಿ ಕೆಂಪು ಕಾಣುತ್ತದೆ. ಕೈಯಲ್ಲಿ ಕೊಯ್ದ ವಿನಿಯರ್ 1.5ರಿಂದ 2 ಮಿ.ಮೀ. ಅಷ್ಟೇ, ಉಜ್ಜುವ ಯಂತ್ರಕ್ಕೆ ಅದನ್ನು ಸವೆಸಲು ಹೊತ್ತು ಬೇಡ.

ಮಾಡಬೇಕಾದ್ದು ಇಷ್ಟು. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ. ವರ್ಷಕ್ಕೆ ಒಂದು ಅಥವಾ ಎರಡು ಸಲ ಮೇಣ. ಮನೆಯಲ್ಲೇ ಮಾಡುವುದಾದರೆ 100 ಗ್ರಾಂ ಜೇನುಮೇಣ ತುರಿದು, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆ ಆರಿಸಿ, ದೂರ ಒಯ್ದು 200ರಿಂದ 250 ಮಿ.ಲೀ. ಶುದ್ಧ ಟರ್ಪೆಂಟೈನ್ ಬೆರೆಸಿ. ಉರಿಯ ಹತ್ತಿರ ಟರ್ಪೆಂಟೈನ್ ಬೇಡವೇ ಬೇಡ, ಆವಿ ಹೊತ್ತಿಕೊಳ್ಳುತ್ತದೆ. ಉಗುರಿನಷ್ಟು ತೆಗೆದುಕೊಂಡು ಅಂಗೈಯಗಲ ಜಾಗಕ್ಕೆ ಹಚ್ಚಿ, 15–20 ನಿಮಿಷ ಬಿಟ್ಟು, ಎಳೆಯ ದಿಕ್ಕಿನಲ್ಲಿ ತಿಕ್ಕಿ. ದಪ್ಪ ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಂಗಡಿಯ ಸ್ಪ್ರೇ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತದೆ. ಅದು ಬಿರುಕಿನೊಳಗೆ ಇಳಿದರೆ ಮುಂದೆ ರಿಪೇರಿಗೆ ಹಚ್ಚಿದ ಪಾಲಿಶ್ ಅಲ್ಲಿ ಹಿಡಿಯದೆ ಗುಳಿಗುಳಿಯಾಗುತ್ತದೆ. ಹಿತ್ತಾಳೆ ಹೊಳೆಯಿಸುವ ದ್ರವವನ್ನೂ ಹಿಡಿ ಬಿಚ್ಚದೆ ಬಳಸಬೇಡಿ. ಸುತ್ತಲಿನ ಮರದಲ್ಲಿ ಬಿಳಿ ಗೆರೆ ಕೂತುಬಿಡುತ್ತದೆ. ಲೋಟದ ಬಿಳಿ ಉಂಗುರ ಬಿದ್ದರೆ ತೇವ ಪಾಲಿಶ್ ಪದರದಲ್ಲೇ ಇದೆ, ಕೆಲವು ವಾರ ಬಿಟ್ಟು ಮೇಣ ಹಚ್ಚಿ ನೋಡಿ. ಕಪ್ಪು ಉಂಗುರ ಮರಕ್ಕೇ ಇಳಿದದ್ದು, ಅದನ್ನು ನುರಿತವರಿಗೆ ಬಿಡಿ.

ಡ್ರಾಯರ್ ಬಿಗಿಯಾದರೆ ಓಡುವ ಅಂಚುಗಳಿಗೆ ಮೇಣದಬತ್ತಿ ಉಜ್ಜಿ. ಸೋಪು ಬೇಡ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಸವೆದ ಅಂಚನ್ನು ರಿಪೇರಿ ಮಾಡಿಸಲೇಬೇಕು. ಇಲ್ಲದಿದ್ದರೆ ಡ್ರಾಯರ್ ತಗ್ಗಿ, ಎಳೆದಾಗಲೆಲ್ಲ ಕೆಳಗಿನ ಅಡ್ಡಪಟ್ಟಿಯ ವಿನಿಯರ್ ಚಕ್ಕೆ ಏಳುತ್ತದೆ. ಸವೆದದ್ದನ್ನು ನೇರವಾಗುವಷ್ಟೇ ಕೀಸಿ, ಅಷ್ಟೇ ದಪ್ಪದ ಓಕ್ ಪಟ್ಟಿಯನ್ನು ಎಳೆ ಹೊಂದಿಸಿ ಅಂಟಿಸಿ, ಮರುದಿನ ಸಮ ಮಾಡಬೇಕು. ಪೆಟ್ಟಿಗೆಯ ಒಳಗಿನ ಕಾಲುವೆಯನ್ನೂ ಆಗಲೇ ತುಂಬಬೇಕು. ಒಂದನ್ನೇ ಸರಿಮಾಡಿದರೆ ಡ್ರಾಯರ್ ಓಲಾಡುತ್ತದೆ. ಅಂಟು ಸರೇಸೇ ಇರಲಿ, ಚರ್ಮ ಬೇಯಿಸಿ ಮಾಡಿದ್ದು. ಬಿಸಿ, ತೇವ ತಾಗಿಸಿದರೆ ಅದು ಬಿಡುತ್ತದೆ, ನೂರು ವರ್ಷದ ಮೇಲೆ ಇನ್ನೊಬ್ಬ ಬಡಗಿ ಬಿಚ್ಚಿ ಮತ್ತೆ ಕೂಡಿಸಬಹುದು. ಬಿಳಿ ಫೆವಿಕಾಲ್ ಬಗೆಯದೋ ಎಪಾಕ್ಸಿಯೋ ಹಾಕಿದರೆ ಮುಂದೆ ಮರವೇ ಸೀಳುತ್ತದೆ, ಅಂಟು ಬಿಡುವುದಿಲ್ಲ.

ಪಕ್ಕದ ಹಲಗೆಯಲ್ಲಿ ಮೇಲಿನಿಂದ ಕೆಳಗೆ ಸೀಳು ಇದ್ದರೆ ಗಾಬರಿ ಬೇಡ. ಒಳಗೆ ಡ್ರಾಯರ್ ಪಟ್ಟಿಗಳನ್ನು ಎಳೆಗೆ ಅಡ್ಡಲಾಗಿ ಅಂಟಿಸಿದ್ದರಿಂದ ಹಲಗೆಗೆ ಕುಗ್ಗಲು ದಾರಿಯಿಲ್ಲದೆ ಸೀಳಿದೆ. ಚಳಿಗಾಲದಲ್ಲಿ ಹೀಟರ್ ಉರಿಯುವಾಗ ಅಗಲವಾಗಿ ಕಂಡಿತೆಂದು ಗಟ್ಟಿ ಪುಟ್ಟಿ ತುಂಬಬೇಡಿ. ಬೇಸಿಗೆಯಲ್ಲಿ ಹಲಗೆ ಉಬ್ಬಿ ಇನ್ನೊಂದು ಕಡೆ ಸೀಳುತ್ತದೆ. ಕೋಣೆಯ ತೇವಾಂಶ ಶೇ. 45ರಿಂದ 60ರೊಳಗೆ ಇರಲಿ, ರೇಡಿಯೇಟರಿನಿಂದ ಒಂದು ಮೀಟರ್ ದೂರವಿಡಿ.

ಧಾರವಾಡದ ವಿಷಯ. ಒಯ್ಯಬಹುದು, ಆದರೆ ಪೆಟ್ಟಿಗೆಯ ಮಟ್ಟಿಗೆ ಅದು ಸಣ್ಣ ಬದಲಾವಣೆಯಲ್ಲ. ಹೀಟರ್ ಇರುವ ಇಂಗ್ಲಿಷ್ ಮನೆಯಲ್ಲಿ ಮರದೊಳಗಿನ ತೇವ ಸುಮಾರು ಶೇ. 8ರಿಂದ 10, ನಮ್ಮ ಮಳೆಗಾಲದಲ್ಲಿ ಅದು ಶೇ. 15ರ ಆಚೆ ಹೋಗುತ್ತದೆ. 50 ಸೆಂ.ಮೀ. ಆಳದ ಪಕ್ಕದ ಹಲಗೆ ಇದರಿಂದ 3ರಿಂದ 5 ಮಿ.ಮೀ. ಹಿಗ್ಗಬಹುದು. ಡ್ರಾಯರ್‌ಗಳು ಜೂನ್‌ನಲ್ಲಿ ಕಚ್ಚಿಕೊಂಡರೆ ಕೀಸಿಸಬೇಡಿ, ನವೆಂಬರ್‌ವರೆಗೆ ಕಾಯಿರಿ. ಕೀಸಿಸಿದರೆ ಬೇಸಿಗೆಯಲ್ಲಿ ಗಡಗಡ ಅಲ್ಲಾಡುತ್ತವೆ. ಮಳೆ ಮುಗಿದ ಮೇಲೆ ತಲುಪುವಂತೆ ಕಳಿಸಿ, ಬಂದ ಮೇಲೆ ಒಂದೆರಡು ವಾರ ಹೊದಿಕೆ ಪೂರ್ತಿ ಬಿಚ್ಚದೆ ಕೋಣೆಯಲ್ಲಿಡಿ. ಗೆದ್ದಲಿಗೆ ಬೆನ್ನಿನ ಪೈನ್ ಹಲಗೆ ಹಬ್ಬದೂಟ, ಹಾಗಾಗಿ ಗೋಡೆಯಿಂದ ಒಂದು ಗೇಣು ಈಚೆ ಇರಲಿ, ತಿಂಗಳಿಗೊಮ್ಮೆ ಹಿಂದೆ ಟಾರ್ಚ್ ಹಾಕಿ. ಇನ್ನೊಂದು ಅಪಾಯ ನಮ್ಮ ಮನೆಗಳದ್ದೇ: ದಿನಾ ನೆಲ ಒರೆಸುವ ಒದ್ದೆ ಬಟ್ಟೆ. ಕಾಲುಗಳ ಒಳಗಿನ ಸಣ್ಣ ಮರದ ತುಂಡುಗಳು ಸರೇಸಿನಲ್ಲಿ ನಿಂತಿವೆ. ವರ್ಷಗಟ್ಟಲೆ ನೀರು ತಾಗಿದರೆ ಒಂದೊಂದೇ ಕಳಚಿ, ಒಂದು ದಿನ ಕಾಲು ಮಡಚಿಕೊಳ್ಳುತ್ತದೆ. ನಾಲ್ಕೂ ಕಾಲಿನ ಅಡಿಗೆ 5 ಮಿ.ಮೀ. ದಪ್ಪದ ನೈಲಾನ್ ಬಿಲ್ಲೆ ಕೊಡಿಸಿ, ಅದರ ಸುತ್ತ ಒಣ ಬಟ್ಟೆಯಲ್ಲೇ ಒರೆಸಲು ಹೇಳಿ.